ಒಂದೇ ಶೋ ಕಂಡ ಮರದ ವಿಮಾನ

ನೂರು ದಿನ ಓಡಿದ ಚಿತ್ರಗಳನ್ನು ನೀವು ನೋಡಿದ್ದೀರಿ. ಒಂದೇ ನಿಮಿಷದೊಳಗೆ ಆಟ ಮುಗಿಸಿದ ವಿಮಾನ ನೋಡಬೇಕೆ? ಅಮೆರಿಕದ ಒರೆಗಾನ್ ರಾಜ್ಯದ ಮ್ಯಾಕ್‌ಮಿನ್‌ವಿಲ್‌ಗೆ ಬನ್ನಿ. ದ್ರಾಕ್ಷಿ ತೋಟಗಳ ಸೀಮೆ. ಅಲ್ಲಿನ ಮ್ಯೂಸಿಯಂನಲ್ಲಿ ಕೂತಿದೆ ಹರ್ಕ್ಯುಲೀಸ್. ತಲೆಯೆತ್ತಿ ನೋಡಿದರೆ ಕತ್ತು ನೋಯುತ್ತದೆ! ರೆಕ್ಕೆಯ ತುದಿಯಿಂದ ತುದಿಗೆ 320 ಅಡಿ, ಎಂಟು ಎಂಜಿನ್. ಬೇರೆ ವಿಮಾನಗಳು ಅದರ ರೆಕ್ಕೆಯಡಿ ಕೋಳಿಮರಿಗಳ ಹಾಗೆ ನಿಂತಿವೆ. ಮೈ ಬಹುಪಾಲು ಮರದ್ದು!

ಕಟ್ಟಿಸಿದವನು ಯಾರು ಅಂತೀರಿ? ಸಿನಿಮಾದವನೇ ಸ್ವಾಮಿ, ಹಾವರ್ಡ್ ಹ್ಯೂಸ್! 1930ರಲ್ಲಿ ತೆರೆಕಂಡ 'ಹೆಲ್ಸ್ ಏಂಜೆಲ್ಸ್' ಚಿತ್ರಕ್ಕಾಗಿ ತಾನೇ ವಿಮಾನ ಹಾರಿಸಿ ಬಿದ್ದು ಪೆಟ್ಟು ತಿಂದ ಆಸಾಮಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸುತ್ತಿದ್ದವು. 750 ಸೈನಿಕರನ್ನು ಆಕಾಶದಲ್ಲೇ ಸಾಗರ ದಾಟಿಸ್ತೀನಿ ಅಂತ ಹೊರಟ. ಲೋಹಕ್ಕೆ ಬರ, ಅದಕ್ಕೇ ಮರ. ವಿಮಾನ ಮುಗಿಯುವ ಮೊದಲೇ ಯುದ್ಧ ಮುಗಿಯಿತು! ಸರ್ಕಾರದ ದುಡ್ಡು ಪೋಲಾಯಿತೆಂದು 1947ರಲ್ಲಿ ಸೆನೆಟ್ ವಿಚಾರಣೆ. ಇದು ಹಾರದಿದ್ದರೆ ದೇಶಾನೇ ಬಿಟ್ಟು ಹೋಗ್ತೀನಿ ಅಂದ ಹ್ಯೂಸ್.

ಅದೇ ವರ್ಷ ನವೆಂಬರ್ 2, ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಬಂದರು. ನೀರಿನಿಂದಲೇ ಏಳುವ ವಿಮಾನ ಅದು, ನಡೆಸಿದವನು ಹ್ಯೂಸನೇ. ಸುಮಾರು 70 ಅಡಿ ಮೇಲೆದ್ದು, ಒಂದು ಮೈಲಿಯಷ್ಟು ಹಾರಿ ಇಳಿಯಿತು. ಮತ್ತೆಂದೂ ಹಾರಲಿಲ್ಲ. ಆದರೂ 1976ರಲ್ಲಿ ಸಾಯುವವರೆಗೂ ಅದನ್ನು ಜತನವಾಗಿ ಇಡಿಸಿದ್ದ.

ಅದಕ್ಕಿಂತ ಅಗಲದ ರೆಕ್ಕೆ ಆಕಾಶಕ್ಕೇರಲು 2019 ಬರಬೇಕಾಯಿತು. ಫಸ್ಟ್ ಶೋನೇ ಲಾಸ್ಟ್ ಶೋ, ನಿಜ. ಆದರೆ ಡಬ್ಬಾ ಅಂದೋರ ಬಾಯಿ ಮುಚ್ಚಿಸೋಕೆ ಆ ಒಂದು ಶೋ ಸಾಕಾಯ್ತಲ್ಲ!