ಆನೆ ನಿಲ್ಲಲು ಜಾಗ ಬೇಡವೇ?

ದೀಪಾವಳಿಯ ದಿನ ಬಾಗಿಲ ಮುಂದೆ ರಂಗೋಲಿ ಹಾಕುವಾಗ ನಿಮಗೂ ಹೀಗೆ ಆಗಿದೆಯೇ ಹೇಳಿ. ಮೊದಲು ಒಂದು ಕಮಲ ಹಾಕುತ್ತೇವೆ. ಚೆನ್ನಾಗಿಯೇ ಬಂದಿರುತ್ತದೆ. ಎದ್ದು ಕೈ ತೊಳೆದರೆ ಮುಗಿಯಿತು. ಅಷ್ಟರಲ್ಲಿ ಎದುರು ಮನೆಯಾಕೆ ನವಿಲು ಹಾಕಿದ್ದು ಕಣ್ಣಿಗೆ ಬೀಳುತ್ತದೆ. ಸರಿ, ನಾವೂ ಒಂದು ಬಳ್ಳಿ ಸೇರಿಸುತ್ತೇವೆ. ಬಳ್ಳಿಗೆ ಹೂವು, ಹೂವಿಗೆ ಬಣ್ಣ, ಖಾಲಿ ಉಳಿದಲ್ಲೆಲ್ಲ ಚುಕ್ಕೆ. ಕೊನೆಗೆ ಕಮಲ ಎಲ್ಲಿದೆ ಎಂದು ನಾವೇ ಹುಡುಕಬೇಕು! ರಂಗೋಲಿಯಾದರೆ ಮರುದಿನ ಗುಡಿಸಿಬಿಡಬಹುದು. ನಾನು ಇದೇ ತಪ್ಪನ್ನು ಇನ್ನೊಬ್ಬರ ಮದುವೆ ಸೀರೆಯ ಮೇಲೆ ಮಾಡಿದೆ. ಆ ಕಥೆಯನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕೆಂದೇ ಇವತ್ತು ಕುಳಿತಿದ್ದೇನೆ.

ನಮ್ಮದು ಬನಹಟ್ಟಿ. ರಬಕವಿ-ಬನಹಟ್ಟಿ ಎಂದರೆ ಮಗ್ಗದ ಊರು ಎಂದು ನಿಮಗೆ ಗೊತ್ತೇ ಇದೆ. ಇಲ್ಲಿ ಹುಟ್ಟಿದ ಮಕ್ಕಳು ಮಗ್ಗದ ಸದ್ದಿಗೆ ನಿದ್ದೆ ಮಾಡುತ್ತವೆ, ಸದ್ದು ನಿಂತರೆ ಎದ್ದು ಕೂಡುತ್ತವೆ. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಆಗಿ ಆ ಸದ್ದು ನಿಂತಿತು. ನಮ್ಮ ಯಜಮಾನರಿಗೆ ಮಗ್ಗ ಬಿಟ್ಟು ಬೇರೆ ಕೆಲಸ ಗೊತ್ತಿಲ್ಲ. ಮತ್ತೆ ಮಗ್ಗ ಓಡಲು ಶುರುವಾದ ಮೇಲೂ ನೇಯ್ದ ಸೀರೆಗೆ ಗಿರಾಕಿ ಇರಲಿಲ್ಲ. ಕಿರಾಣಿ ಅಂಗಡಿಯ ಬಾಕಿ ಏರುತ್ತ ಹೋಯಿತು. ಮಗಳ ಕಾಲೇಜಿನ ಫೀ ಬೇರೆ. ಅತ್ತೆಯವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮುಂದಕ್ಕೆ ಹೋಗುತ್ತಲೇ ಇತ್ತು.

ನನಗೆ ಕೈಯಲ್ಲಿ ಒಂದು ವಿದ್ಯೆ ಇತ್ತು. ಅದು ಕಸೂತಿ. 2000ದಲ್ಲಿ ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆಯವರೇ ಕಲಿಸಿದ್ದು. ಗೊತ್ತಿಲ್ಲದವರಿಗಾಗಿ ಎರಡು ಮಾತು ಹೇಳುತ್ತೇನೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಳ್ಳುವಂತಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಸೂಜಿ ಹಾಕಬೇಕು. ಇರುವುದು ನಾಲ್ಕೇ ಹೊಲಿಗೆ. ಒಂದು ಗವಂತಿ. ಇದರಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕಿ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತ ಹೊರಟಲ್ಲಿಗೇ ಬಂದು ಸೇರಬೇಕು. ಎರಡನೆಯದು ಮುರಗಿ. ಅದು ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಏರುತ್ತದೆ. ಮೂರನೆಯದು ನೇಗಿ, ನೇಯ್ದಂತೆ ಕಾಣುವುದು. ನಾಲ್ಕನೆಯದು ಮೆಂತೆ, ಕಾಳು ಹರಡಿದ ಹಾಗೆ ಒತ್ತಾಗಿ ತುಂಬುವುದು. ಗವಂತಿ ಮತ್ತು ಮುರಗಿಯಲ್ಲಿ ಸೀರೆಯ ಮುಂಭಾಗವೂ ಹಿಂಭಾಗವೂ ಒಂದೇ ಥರ ಕಾಣಬೇಕು. ಎಲ್ಲಿಯೂ ಗಂಟು ಹಾಕುವಂತಿಲ್ಲ. ಈ ನಾಲ್ಕರಲ್ಲೇ ಗೋಪುರ, ತೇರು, ಅಂಬಾರಿ ಹೊತ್ತ ಆನೆ, ತುಳಸಿ ಕಟ್ಟೆ, ತೊಟ್ಟಿಲು, ಗಿಳಿ, ನವಿಲು ಎಲ್ಲವೂ ಆಗುತ್ತವೆ.

ಆ ವರ್ಷದ ದೀಪಾವಳಿ ಕಳೆದ ಮೇಲೆ ಮುಧೋಳದ ಒಬ್ಬ ಅಕ್ಕಾರು ಮಗಳ ಮದುವೆಗೆಂದು ಕಪ್ಪು ಚಂದ್ರಕಾಳಿ ಸೀರೆ ತಂದುಕೊಟ್ಟರು. ನಮ್ಮದೇ ಜಿಲ್ಲೆಯ ಇಳಕಲ್ಲಿನ ಸೀರೆ. ಕೆಂಪು ಸೆರಗು, ಒಳ್ಳೆ ರೇಷ್ಮೆ. ಕೂಲಿ 6000 ರೂಪಾಯಿ ಎಂದು ಮಾತಾಯಿತು. 2000 ಮುಂಗಡ ಕೊಟ್ಟರು. ಫೆಬ್ರುವರಿಯಲ್ಲಿ ಮದುವೆ. ಮುಂಗಡದ ದುಡ್ಡು ಆ ಸಂಜೆಯೇ ಕಿರಾಣಿ ಅಂಗಡಿಗೆ ಹೋಯಿತು. ಅಂದರೆ ಹಿಂತಿರುಗಿಸುವ ದಾರಿ ಇರಲಿಲ್ಲ.

ಇಲ್ಲಿಂದ ನನ್ನ ತಪ್ಪು ಶುರು. ಮಗಳ ಮೊಬೈಲಿನಲ್ಲಿ ಕಂಪ್ಯೂಟರ್ ಮಷಿನ್ನಿನಲ್ಲಿ ಹಾಕಿದ ಕಸೂತಿ ಸೀರೆಗಳ ಫೋಟೋ ನೋಡಿದೆ. ಒಂದು ಗೇಣು ಖಾಲಿ ಇಲ್ಲ. ಹತ್ತು ಬಣ್ಣ, ನಡುವೆ ಜರಿ. ನನ್ನ ಸೀರೆ ಅದಕ್ಕಿಂತ ಕಡಿಮೆ ಕಂಡರೆ ಅಕ್ಕಾರು ಏನಂದಾರು ಎಂಬ ಹೆದರಿಕೆ ಹುಟ್ಟಿತು. ತೇರು ಹಾಕಿದೆ, ಆನೆ ಹಾಕಿದೆ, ಆನೆಯ ಬೆನ್ನ ಹಿಂದೆಯೇ ನವಿಲು, ನವಿಲಿನ ಬಾಲಕ್ಕೆ ಒತ್ತಿ ತುಳಸಿ ಕಟ್ಟೆ. ನಡುವೆ ಉಳಿದದ್ದನ್ನೆಲ್ಲ ಮೆಂತೆಯಿಂದ ತುಂಬಿದೆ. ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ಗಡಿಬಿಡಿಯಲ್ಲಿ ಎಳೆಯ ಎಣಿಕೆ ಅಲ್ಲಲ್ಲಿ ತಪ್ಪುತ್ತಿತ್ತು. ತಪ್ಪಿದಲ್ಲಿ ಬಿಚ್ಚದೆ, ಅದರ ಮೇಲೊಂದು ನಕ್ಷತ್ರ ಹಾಕಿ ಮುಚ್ಚುತ್ತಿದ್ದೆ. ನೋಡಿದವರು, “ಎಷ್ಟು ತುಂಬಿ ತೆಗೆದೀರಿ!” ಎಂದು ಹೊಗಳುತ್ತಿದ್ದರು.

ಜನವರಿ ಮೊದಲ ವಾರ ಒಂದು ಮಧ್ಯಾಹ್ನ ಅತ್ತೆಯವರು ಪಕ್ಕದಲ್ಲಿ ಬಂದು ಕುಳಿತು ಸೀರೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಕಣ್ಣು ಮಬ್ಬು, ಆದರೆ ಬೆರಳು ಚುರುಕು. ಸವರುತ್ತ ಸವರುತ್ತ ಒಂದು ಕಡೆ ನಿಲ್ಲಿಸಿದರು.

“ಇದು ಆನಿ ಹೌದಲ್ಲವಾ?”

“ಹೌದ್ರಿ ಅತ್ತಿ.”

“ಮತ್ತ ಇದಕ ನಿಂದ್ರಾಕ ಜಾಗಾನ ಇಲ್ಲಲ್ಲ! ಎಲ್ಲಿ ಕಾಲಿಡಬೇಕು ಅದು?”

ಆಮೇಲೆ ಸೀರೆಯನ್ನು ಮಗುಚಿ ಹಿಂಭಾಗ ಸವರಿದರು. “ಗಂಟು ಹಾಕೀಯಲ್ಲವಾ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ನನಗೆ. “ನಿಮಗ ಕಣ್ಣ ಕಾಣೂದಿಲ್ರಿ, ನಿಮಗೇನ ಗೊತ್ತಾಗತೈತಿ? ಈಗಿನ ಮಂದಿಗೆ ಹಿಂಗ ತುಂಬಿದ್ದ ಬೇಕು,” ಎಂದುಬಿಟ್ಟೆ. ಅವರು ಮಾತಾಡಲಿಲ್ಲ. ಸೀರೆಯನ್ನು ಮಡಿಸಿ ನನ್ನ ಕಡೆ ಸರಿಸಿ, ಗೋಡೆ ಹಿಡಿದು ಎದ್ದು ಹೋದರು.

ಆ ರಾತ್ರಿ ಊಟ ಸೇರಲಿಲ್ಲ. ಎಲ್ಲರೂ ಮಲಗಿದ ಮೇಲೆ ಮೊಬೈಲಿನ ಬೆಳಕು ಹಿಡಿದು ಸೀರೆಯ ಹಿಂಭಾಗ ನೋಡಿದೆ. ಗಂಟು, ಅಡ್ಡ ಎಳೆದ ದಾರ, ಮೆಂತೆಯ ದಪ್ಪ. ಮುಂದೆ ಮುಚ್ಚಿದ ತಪ್ಪುಗಳೆಲ್ಲ ಹಿಂದೆ ಸಾಲಾಗಿ ನಿಂತಿದ್ದವು. ಕಣ್ಣಿದ್ದೂ ನಾನು ಅವನ್ನು ನೋಡಿರಲಿಲ್ಲ. ಆಗ ತಿಳಿಯಿತು, ನಾನು ಚೆಂದಕ್ಕೆಂದು ತುಂಬುತ್ತಿರಲಿಲ್ಲ, ಹೆದರಿಕೆಗೆ ತುಂಬುತ್ತಿದ್ದೆ. ಒತ್ತಾಗಿ ತುಂಬಿದಲ್ಲಿ ತಪ್ಪು ಅಡಗುತ್ತದೆ. ಕಪ್ಪು ಸೀರೆಯ ಮೇಲೆ ಒಂದೇ ಗೋಪುರ ಬಿಡಿಯಾಗಿ ನಿಂತರೆ, ಒಂದು ಎಳೆ ತಪ್ಪಿದರೂ ಎಲ್ಲರಿಗೂ ಕಾಣುತ್ತದೆ. ಸರಳ ಎಂದರೆ ಕಡಿಮೆ ಕೆಲಸ ಎಂದು ನಾವು ತಿಳಿಯುತ್ತೇವೆ. ಅಲ್ಲ ನೋಡಿ. ಮಸಾಲೆ ಜಾಸ್ತಿ ಹಾಕಿ ಪಲ್ಯದ ರುಚಿ ತಪ್ಪಿದ್ದನ್ನು ಮುಚ್ಚಬಹುದು. ಜೋಳದ ರೊಟ್ಟಿಗೆ ಹಿಟ್ಟು ನೀರು ಬಿಟ್ಟು ಏನು ಹಾಕುತ್ತೇವೆ? ಹದ ತಪ್ಪಿದರೆ ಅಲ್ಲಿಯೇ ಒಡೆಯುತ್ತದೆ.

ಬೆಳಗ್ಗೆ ಅತ್ತೆಯವರ ಹತ್ತಿರ ಕುಳಿತು, “ತಪ್ಪಾತ್ರಿ ಅತ್ತಿ,” ಎಂದೆ.

“ಬಾಯಿಂದ ಬಿದ್ದದ್ದ ಬಿಚ್ಚಾಕ ಬರಂಗಿಲ್ಲವಾ,” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ಸೀರಿ ಬಿಚ್ಚಾಕ ಬರತೈತಿ. ಬಿಚ್ಚು,” ಎಂದರು.

ಎರಡು ತಿಂಗಳ ಕೆಲಸವನ್ನು ಬಿಚ್ಚುವುದಕ್ಕೆ ಹನ್ನೆರಡು ದಿನ ಬೇಕಾಯಿತು. ಸಣ್ಣ ಕತ್ತರಿಯಿಂದ ದಾರ ಕತ್ತರಿಸಿ, ಒಂದೊಂದೇ ಎಳೆ ತೆಗೆದು, ಸೂಜಿಯ ತೂತು ಕಾಣದಂತೆ ಉಗುರಿನಿಂದ ಮೆಲ್ಲಗೆ ತಿಕ್ಕಿದೆ. ಮಗಳೂ ಜೊತೆಗೆ ಕುಳಿತಳು. ಉಳಿದದ್ದು ಇಪ್ಪತ್ತೈದು ದಿನ. ಅಷ್ಟರಲ್ಲಿ ತೇರು, ನವಿಲು, ತೊಟ್ಟಿಲು ಯಾವುದೂ ಆಗುವಂತಿರಲಿಲ್ಲ. ನಾನೇನೂ ಸರಳತೆಯನ್ನು ಬಯಸಿ ಆರಿಸಿದವಳಲ್ಲ. ದಿನ ಕಡಿಮೆ ಇದ್ದವು, ಅಷ್ಟೇ. ಅತ್ತೆಯವರು ಕೇಳಿದರು, “ಹುಡುಗಿ ಸೀರಿ ಉಟ್ಟಾಗ ಮಂದಿ ಏನ ನೋಡಬೇಕು ಅಂತೀ? ಒಂದ ಹೇಳು.” ಯೋಚಿಸಿ, “ಗೋಪುರ,” ಎಂದೆ. “ಮತ್ತ ಅದನ್ನ ಹಾಕು. ಆನಿ ಬೇಕಂದ್ರ ಬಾಜೂಕ ನಿಲ್ಲಸು, ಜಾಗಾ ಬಿಟ್ಟು.”

ಸೆರಗಿನ ಹತ್ತಿರ ಒಂದೇ ಸಾಲಿನಲ್ಲಿ ಐದು ಗೋಪುರ, ನಡುವೆ ನಾಲ್ಕು ಆನೆ. ಕೆಂಪು, ಹಳದಿ, ಹಸಿರು, ಬಿಳಿ, ಇಷ್ಟೇ ಬಣ್ಣ. ಆಮೇಲೆ ಸೆರಗಿನಿಂದ ದೂರ ಹೋದಂತೆ ಸಣ್ಣ ಸಣ್ಣ ಚಿಕ್ಕಿ, ಬರಬರುತ್ತ ವಿರಳವಾಗಿ. ಹಳೆಯ ಕಸೂತಿ ಸೀರೆಗಳನ್ನು ನೋಡಿ. ಅವುಗಳಲ್ಲೂ ಸೆರಗಿನ ಹತ್ತಿರ ದೊಡ್ಡ ಚಿತ್ರ, ದೂರ ಹೋದಂತೆ ಸಣ್ಣದು. ನಮ್ಮ ಹಿರಿಯರಿಗೆ ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿತ್ತು.

ಸೀರೆ ಕೊಡಲು ಮಹಾಲಿಂಗಪುರದ ಮೇಲೆ ಹಾದು ಬಸ್ಸಿನಲ್ಲಿ ಮುಧೋಳಕ್ಕೆ ಹೊರಟೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಎದೆ ಡವಡವ ಎನ್ನುತ್ತಿತ್ತು. ಮುಧೋಳ ಎಂದರೆ ಕವಿ ರನ್ನನ ಊರಲ್ಲವೇ? 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದವನು ಎಂದು ಶಾಲೆಯಲ್ಲಿ ಓದಿದ್ದು ನೆನಪಾಯಿತು. ಅವನ ‘ಗದಾಯುದ್ಧ’ವನ್ನು ಕಲಿಸುವಾಗ ನಮ್ಮ ಕನ್ನಡ ಮೇಷ್ಟ್ರು ಹೇಳಿದ್ದರು. ಮಹಾಭಾರತ ಎಷ್ಟು ದೊಡ್ಡದು! ರನ್ನ ಅದನ್ನೆಲ್ಲ ಮೊದಲಿನಿಂದ ಹೇಳಲು ಹೋಗಲಿಲ್ಲ. ಯುದ್ಧ ಮುಗಿಯುವ ಹೊತ್ತಿನ ಭೀಮ-ದುರ್ಯೋಧನರ ಕಾಳಗವೊಂದನ್ನೇ ಹಿಡಿದು, ಹಿಂದಿನದನ್ನು ಸಿಂಹ ಕತ್ತು ಹೊರಳಿಸಿ ನೋಡಿದಂತೆ ಬೇಕಾದಷ್ಟೇ ನೋಡಿದ. ಹಾಗೆ ಒಂದನ್ನೇ ಹಿಡಿದದ್ದರಿಂದ ಸಾವಿರ ವರ್ಷವಾದರೂ ಉಳಿದಿದೆ. ಅಷ್ಟು ದೊಡ್ಡ ಕವಿಗೆ ನನ್ನನ್ನು ಹೋಲಿಸಿಕೊಳ್ಳುತ್ತಿಲ್ಲ, ನಗಬೇಡಿ. ಹೆದರಿದ ಜೀವಕ್ಕೆ ಅದೊಂದು ಧೈರ್ಯ ಕೊಟ್ಟಿತು, ಅಷ್ಟೇ.

ಅಕ್ಕಾರು ಸೀರೆ ಬಿಡಿಸಿ ನೋಡಿದರು. “ಇಷ್ಟ ಏನ್ರಿ?” ಎಂದರು. ನನ್ನ ಕೈಕಾಲು ತಣ್ಣಗಾದವು. ಆದದ್ದನ್ನೆಲ್ಲ ಮುಚ್ಚಿಡದೆ ಹೇಳಿದೆ. ಅವರು ಚಿತ್ರಗಳನ್ನು ಬೆರಳಿಟ್ಟು ಎಣಿಸಿ, ಒಟ್ಟು 4000 ಎಂದು ಲೆಕ್ಕ ಹಾಕಿ ಉಳಿದ 2000 ಕೊಟ್ಟರು. ಅವರದು ತಪ್ಪು ಎನ್ನಲಾರೆ. ಮಾತಾದದ್ದು ತುಂಬಿದ ಸೀರೆಗೆ. ಸರಳವಾಗಿ ಮಾಡಿದರೆ ಜಗತ್ತು ತಕ್ಷಣ ಮೆಚ್ಚಿಬಿಡುತ್ತದೆ ಎಂದು ನಾನು ನಿಮಗೆ ಹೇಳುವುದಿಲ್ಲ, ಸೋದರಿಯರೇ. ಎಣಿಸಿ ಕೊಡುವವರು ಕಡಿಮೆಯೇ ಕೊಡುತ್ತಾರೆ. ಆ ತಿಂಗಳು ನಮ್ಮ ಮನೆಯಲ್ಲಿ ಕಷ್ಟವೇ ಆಯಿತು.

ಮದುವೆಯಾದ ಮೇಲೆ ಅಕ್ಕಾರು ಮಗಳ ಮೊಬೈಲಿಗೆ ಫೋಟೋ ಕಳಿಸಿದರು. ಹೂವಿನ ಹಾರ, ಬಂಗಾರ, ಜನ, ಇಷ್ಟರ ನಡುವೆಯೂ ಮದುಮಗಳ ಸೆರಗಿನ ಹತ್ತಿರ ಐದು ಗೋಪುರ ಎಣಿಸುವ ಹಾಗೆ ಕಾಣುತ್ತಿದ್ದವು. ಆರು ತಿಂಗಳ ಮೇಲೆ ಅವರ ಕಡೆಯವರೇ ಇನ್ನೆರಡು ಸೀರೆ ಕಳಿಸಿದರು. ಈ ಸಲ ನಾನು ಮೊದಲೇ ಒಂದು ತುಂಡು ಬಟ್ಟೆಯ ಮೇಲೆ ಮಾದರಿ ಹಾಕಿ ತೋರಿಸಿ, ದಿನದ ಲೆಕ್ಕದಲ್ಲಿ ಕೂಲಿ ಮಾತಾಡಿದೆ.

ಕಸೂತಿ ಕಲಿಯಬೇಕೆನ್ನುವವರಿಗೆ ನನ್ನ ಅನುಭವದ ಕೆಲವು ಮಾತು. ಮೊದಲಿಗೆ ಮ್ಯಾಟಿ ಬಟ್ಟೆ ತೆಗೆದುಕೊಳ್ಳಿ, ಎಳೆ ಎಣಿಸುವುದು ಸುಲಭ. ಒಂದೆರಡು ತಿಂಗಳು ಗವಂತಿ ಒಂದನ್ನೇ ಹಾಕಿ. ಹೊರಟಲ್ಲಿಗೆ ದಾರ ಬಂದು ಸೇರದಿದ್ದರೆ ಎಣಿಕೆ ತಪ್ಪಿದೆ ಎಂದೇ ಅರ್ಥ. ಮುಚ್ಚಬೇಡಿ, ಅಲ್ಲಿಯೇ ಬಿಚ್ಚಿ. ಗಂಟಿನ ಬದಲು ದಾರದ ತುದಿಯನ್ನು ಹೊಲಿಗೆಯ ಒಳಗೇ ಸೇರಿಸಿ. ಬಣ್ಣ ನಾಲ್ಕಕ್ಕೆ ನಿಲ್ಲಿಸಿ. ದಿನವೂ ಕೆಲಸ ಮುಗಿಸುವಾಗ ಒಮ್ಮೆ ಹಿಂಭಾಗ ನೋಡಿ. ಒಂದು ಚಿತ್ರ ಮುಗಿದ ಮೇಲೆ ಇನ್ನೊಂದು ಸೇರಿಸುವ ಮುನ್ನ ಬಟ್ಟೆಯನ್ನು ಗೋಡೆಗೆ ತೂಗುಹಾಕಿ ಒಂದು ರಾತ್ರಿ ಬಿಡಿ. ಬೆಳಗ್ಗೆ ನೋಡಿದಾಗಲೂ ಬೇಕೆನಿಸಿದರೆ ಮಾತ್ರ ಸೇರಿಸಿ. ಎಷ್ಟೋ ಸಲ ಬೇಕೆನಿಸುವುದಿಲ್ಲ.

2021ರ ದಸರೆಯ ಮೇಲೆ ಅತ್ತೆಯವರ ಒಂದು ಕಣ್ಣಿನ ಆಪರೇಷನ್ ಜಮಖಂಡಿಯಲ್ಲಿ ಆಯಿತು. ಪಟ್ಟಿ ಬಿಚ್ಚಿ ಮನೆಗೆ ಬಂದ ಕೆಲ ದಿನಕ್ಕೆ, ಅದೇ ಗೋಪುರದ ಮಾದರಿ ಹಾಕಿದ್ದ ಬಟ್ಟೆಯನ್ನು ಅವರ ಕೈಗೆ ಕೊಟ್ಟೆ. ಹೊಗಳುತ್ತಾರೆ ಎಂದು ಕಾಯುತ್ತಿದ್ದೆ ಎನ್ನುವುದು ನಿಜ. ಅವರು ಮೊದಲು ಹಿಂಭಾಗ ನೋಡಿದರು. ಆಮೇಲೆ ಮುಂಭಾಗ ತಿರುಗಿಸಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಗಂಟಿಲ್ಲ. ಚಲೋ ಆಗೇತಿ,” ಎಂದರು. “ಆದರ ಎಡಕಿನ ಮಗ್ಗಲದಾಗ ಒಂದು ಎಳಿ ತಪ್ಪೀಯವಾ.”

ಹೌದು, ತಪ್ಪಿತ್ತು. ಇಬ್ಬರೂ ನಕ್ಕೆವು. ನಾನು ಕತ್ತರಿ ತರಲು ಒಳಗೆ ಎದ್ದು ಹೋದೆ.