ಎರಡು ವಿಜಯಪುರಗಳ ನಡುವೆ ಒಂದು ಇಸ್ತ್ರಿ ಪೆಟ್ಟಿಗೆ

ಕರ್ನಾಟಕದ ಭೂಪಟದಲ್ಲಿ ಈಗ ಎರಡು ವಿಜಯಪುರಗಳಿವೆ. ದೇವನಹಳ್ಳಿ ತಾಲ್ಲೂಕಿನ, ರೇಷ್ಮೆ ನೂಲು ಬಿಚ್ಚಾಣಿಕೆಗೆ ಹೆಸರಾದ ಪಟ್ಟಣ ಒಂದು; ಹಿಂದೆ ಅದು ವಡಿಗೇನಹಳ್ಳಿ. 2014ರ ನವೆಂಬರ್ 1ರಂದು ಬಿಜಾಪುರದ ಹೆಸರೂ ಅಧಿಕೃತವಾಗಿ ವಿಜಯಪುರವಾಯಿತು. ಅಲ್ಲಿಂದೀಚೆಗೆ ಬರಿಯ ಊರ ಹೆಸರನ್ನು ನಂಬಿ ಸಾಮಾನು ಕಳುಹಿಸುವಂತಿಲ್ಲ. ಮುಂಬಯಿಯಿಂದ ದಕ್ಷಿಣದ ವಿಜಯಪುರಕ್ಕೆ ಹೊರಟ ಒಂದು ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ ಉತ್ತರದ ವಿಜಯಪುರವನ್ನು ಸೇರಿ, ಮೂರು ವಾರಗಳ ತರುವಾಯ ಮನೆಗೆ ಬಂದಿತು. ಮೇಲಿನ ಚೀಟಿಯಲ್ಲಿ 562135 ಎಂಬ ಆರು ಅಂಕಿಗಳು ಇರಲಿಲ್ಲ. ಸಾಗಣೆಯವರು 586101 ಎಂದು ತಾವೇ ತುಂಬಿಕೊಂಡಿದ್ದರು. ಮಡಿವಾಳ ಮಾಚಿದೇವರ ದೇವರ ಹಿಪ್ಪರಗಿ ಆ ಜಿಲ್ಲೆಯಲ್ಲಿಯೇ ಇರುವುದರಿಂದ, ಪೆಟ್ಟಿಗೆ ಪೂರ್ತಿ ಪರಸ್ಥಳಕ್ಕೇನೂ ಹೋಗಿರಲಿಲ್ಲ ಎನ್ನಬಹುದು.

ಆದರೆ ಮಾಚಿದೇವರು ಇಂಥ ಪೆಟ್ಟಿಗೆಯನ್ನು ಕಂಡಿರಲಾರರು. ‘ಮಡಿ’ ಕನ್ನಡದ ಹಳೆಯ ಮಾತು. ‘ಇಸ್ತ್ರಿ’ಯಾದರೋ ಚಾಚು, ಹಿಗ್ಗಿಸು ಎಂಬರ್ಥದ ಪೋರ್ಚುಗೀಸ್ ‘ಎಸ್ತಿರಾರ್’ನಿಂದ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ವಿದ್ಯುತ್ ಇಸ್ತ್ರಿಗೆ ನ್ಯೂಯಾರ್ಕಿನ ಹೆನ್ರಿ ಸೀಲಿ 1882ರಲ್ಲಿಯೇ ಪೇಟೆಂಟ್ ಪಡೆದನು. ಬೆಂಗಳೂರಿಗೆ ವಿದ್ಯುದ್ದೀಪ ಬಂದುದು 1905ರಲ್ಲಿ. ಆದರೂ ಇದ್ದಿಲ ಪೆಟ್ಟಿಗೆ ಬೀದಿಯ ತಳ್ಳುಗಾಡಿಗಳಿಂದ ಇಳಿದಿಲ್ಲ. ಕರೆಂಟು ಹೋದರೂ ಅದರ ಕೆಲಸ ನಿಲ್ಲುವುದಿಲ್ಲ. ಅದರ ಭಾರವೇ ಅರ್ಧ ಕೆಲಸ ಮಾಡುತ್ತದೆ.

ಪೆಟ್ಟಿಗೆಯ ಒಡೆಯ ಮನೆಯ ಹಿರಿಯ ಮಗ. ತಾಯಿ ತನ್ನ ಸೀರೆಗಳಿಗೆ ಬಳಸುತ್ತಿದ್ದ ಅದನ್ನು ಆತ ಮುಂಬಯಿಗೆ ಒಯ್ದಿದ್ದನು. ಭಾನುವಾರಗಳಂದು ಚಾಳಿನ ಓಣಿಯಲ್ಲಿ ಕರಟದ ಇದ್ದಿಲು ಹೊತ್ತಿಸಿ ತನ್ನ ಅಂಗಿಗಳನ್ನು ತಾನೇ ಇಸ್ತ್ರಿ ಮಾಡುತ್ತಿದ್ದನು. ಆತ ತೀರಿಕೊಂಡ ಮೇಲೆ ಹೆಂಡತಿ ಅದನ್ನು ಊರಿನ ಮೈದುನನಿಗೆ ಕಳುಹಿಸಿದಳು.

ಕಟ್ಟನ್ನು ಬಿಚ್ಚಿದಾಗ ಮುಚ್ಚಳದ ಕೀಲು ಮುರಿದಿತ್ತು. ಇಂಥ ಪೆಟ್ಟಿಗೆಯನ್ನು ಸಾಗಿಸುವಾಗ ಒಳಗಿನ ಜಾಲರಿಯನ್ನು ತೆಗೆದು ಬೇರೆ ಕಟ್ಟಬೇಕು, ಒಡಲಿಗೆ ಕಾಗದ ತುರುಕಬೇಕು, ಮುಚ್ಚಳವನ್ನು ಹುರಿಯಿಂದ ಬಿಗಿಯಬೇಕು. ಇಲ್ಲದಿದ್ದರೆ ದಾರಿಯ ಕುಲುಕಾಟವೆಲ್ಲ ಆ ಒಂದು ಕೀಲಿನ ಮೇಲೆಯೇ ಬೀಳುತ್ತದೆ. ಅದಕ್ಕಿಂತ ಕೇಡು ಒಳಗಿದ್ದ ಬೂದಿ. ಬೂದಿ ಗಾಳಿಯ ತೇವವನ್ನು ಹೀರಿ ಲೋಹವನ್ನು ತಿನ್ನುತ್ತದೆ. ಮೂಲೆಗಳಲ್ಲಿ ಹಸಿರು ಕಿಲುಬು ಕಟ್ಟಿತ್ತು. ಕಬ್ಬಿಣದ ಜಾಲರಿ ತುಕ್ಕು ಹಿಡಿದಿತ್ತು.

ಆತ ಫೋನಿನಲ್ಲಿ ಕೇಳಿದನು: “ಅತ್ತಿಗೆ, ಬೂದಿ ತೆಗೆಯದೆ ಕಳಿಸಿಬಿಟ್ಟಿದ್ದೀರಲ್ಲ?”

“ನಿಮ್ಮಣ್ಣ ಕೊನೆ ಸಲ ಇಸ್ತ್ರಿ ಮಾಡಿದ್ದು. ಚೆಲ್ಲೋಕೆ ಕೈ ಬರಲಿಲ್ಲ.”

ಆ ಮಾತಿಗೆ ಆತನಲ್ಲಿ ಉತ್ತರವಿರಲಿಲ್ಲ. ಎರಡು ದಿನ ಪೆಟ್ಟಿಗೆ ಜಗಲಿಯ ಮೇಲೆಯೇ ಇತ್ತು. ಬೂದಿಯನ್ನು ಉಳಿಸಿದರೆ ಪೆಟ್ಟಿಗೆ ಹೋಗುತ್ತದೆ. ಪೆಟ್ಟಿಗೆಯನ್ನು ಉಳಿಸಬೇಕಾದರೆ ಅಣ್ಣನ ಕೈ ಮುಟ್ಟಿದ ಕೊನೆಯ ಗುರುತು ಹೋಗಬೇಕು. ಹಳೆಯ ವಸ್ತುಗಳ ವ್ಯಾಪಾರಿಯೊಬ್ಬ, ಥಳಥಳ ಹೊಳೆಯಿಸಿ ಷೋಕೇಸಿನಲ್ಲಿಡಲು ಕೊಡಿ ಎಂದು ಕೇಳಿ ಹೋದನು. ಉಜ್ಜಿ ಉಜ್ಜಿ ಅಂಚು ಸವೆದ ಹಿತ್ತಾಳೆಯೂ ಒಂದು ಬಗೆಯಲ್ಲಿ ಕಳೆದುಹೋದ ಹಿತ್ತಾಳೆಯೇ. ವ್ಯಾಪಾರಿಗೆ ಅದು ತಿಳಿಯದು.

ಮೂರನೆಯ ದಿನ ಆತ ಬೂದಿಯನ್ನು ಹಿತ್ತಲಿನ ತೆಂಗಿನ ಬುಡಕ್ಕೆ ಹಾಕಿದನು. ಚಿಟಿಕೆಯಷ್ಟನ್ನು ಕಾಗದದಲ್ಲಿ ಮಡಿಚಿ ಅತ್ತಿಗೆಗೆಂದು ತೆಗೆದಿಟ್ಟನು. ಕಿಲುಬಿಗೆ ಹುಣಸೆಹಣ್ಣು ತಿಕ್ಕಿ, ತೊಳೆದು, ಬಿಸಿಲಿಗಿಟ್ಟನು. ತುಕ್ಕನ್ನು ಕೆರೆದು ಜಾಲರಿಗೆ ತೆಳ್ಳಗೆ ಕೊಬ್ಬರಿಯೆಣ್ಣೆ ಸವರಿದನು. ಕೀಲಿಗೆ ಹೊಸ ಕಡ್ಡಿ ಕೂರಿಸಿಕೊಟ್ಟವನು ಪಾತ್ರೆಗೆ ಕಲಾಯಿ ಹಾಕುವವನು. ತಾಯಿಯ ಬೆರಳುಗಳಿಂದ ನುಣುಪಾಗಿದ್ದ ಮರದ ಹಿಡಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಸಂಜೆ ಇದ್ದಿಲು ಕೆಂಡವಾದ ಮೇಲೆ ತಳವನ್ನು ಒದ್ದೆ ಬಟ್ಟೆಗೆ ಒಮ್ಮೆ ತಾಗಿಸಿ ಕಾವು ನೋಡಿದನು. ಮೊದಲು ಒಂದು ಹಳೆಯ ಪಂಚೆ, ಆಮೇಲೆ ತಾಯಿಯ ರೇಷ್ಮೆ ಸೀರೆ. ರೇಷ್ಮೆಯ ಮೇಲೆ ಹತ್ತಿಯ ಬಟ್ಟೆ ಹಾಸಿಯೇ ಪೆಟ್ಟಿಗೆ ಎಳೆದನು. ಕಾವು ಇಳಿದ ಕೂಡಲೇ, ಇನ್ನೂ ಬೆಚ್ಚಗಿದ್ದ ಬೂದಿಯನ್ನು ತೆಂಗಿನ ಬುಡಕ್ಕೆ ಸುರಿದು ಬಂದನು.