ಸಿಬಿಜೆಡ್ ಹುಡುಗರೂ ಫಾರಿನ್ ರಾಗಿಯೂ

ನಾಗಮಂಗಲದ ಕಡೆ ಹುಡುಗನೊಬ್ಬ ಬಿ.ಎಸ್ಸಿ.ಗೆ ಸೇರಿ ಸಿಬಿಜೆಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ತಗೊಂಡ ಅಂದರೆ ನೆಂಟರು ಮೊದಲು ಕೇಳುವ ಪ್ರಶ್ನೆ, "ಯಾಕ್ಲಾ ಮಗ, ಡಾಕ್ಟ್ರು ಸೀಟು ಸಿಗ್ಲಿಲ್ವಾ?" ಸಿಗಲಿಲ್ಲ ಅನ್ನುವುದು ಬಹಳ ಸಲ ನಿಜವೂ ಹೌದು. ಬೀಗರೂಟದ ಪಂಕ್ತಿಯಲ್ಲಿ ಕೂತು ಮುದ್ದೆ ಮುರಿಯುತ್ತ ಈ ಮಾತು ಕೇಳಿಸಿಕೊಂಡ ಹುಡುಗ ತಲೆ ತಗ್ಗಿಸುತ್ತಾನೆ. ಎಲೆಯ ಮೇಲಿನ ಮುದ್ದೆಯೇ ತನ್ನ ಪರ ಸಾಕ್ಷಿ ಹೇಳಬಲ್ಲುದು ಎಂದು ಅವನಿಗೂ ಹೊಳೆಯುವುದಿಲ್ಲ, ಕೇಳಿದ ಸೋದರಮಾವನಿಗೂ ಹೊಳೆಯುವುದಿಲ್ಲ.

ರಾಗಿ ಮೂಲದಲ್ಲಿ ನಮ್ಮದಲ್ಲ. ಈ ಮಾತನ್ನು ನಮ್ಮ ತಾಲ್ಲೂಕಿನಲ್ಲಿ ಸ್ವಲ್ಪ ಮೆಲ್ಲಗೆ ಹೇಳಬೇಕು. ಇಥಿಯೋಪಿಯಾ, ಉಗಾಂಡದ ಎತ್ತರದ ನೆಲದಲ್ಲಿ ಜನ ಅದನ್ನು ಮೊದಲು ಪಳಗಿಸಿದರು. ಸಾವಿರಾರು ವರ್ಷಗಳ ಹಿಂದೆ ಅದು ಇಲ್ಲಿಗೆ ಬಂತು. ಬಂದದ್ದು ನಮ್ಮ ಕೆಂಪು ಹೊಲದಲ್ಲಿ ಎಷ್ಟು ಒಗ್ಗಿಹೋಯಿತೆಂದರೆ ಈಗ ಅದಕ್ಕೆ ಪಾಸ್‌ಪೋರ್ಟ್ ಕೇಳುವ ಧೈರ್ಯ ಯಾರಿಗೂ ಇಲ್ಲ. ಆಮೇಲೆ ಕಳೆದ ಶತಮಾನದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಎಂಬುವರು ಈ ಹಳೆಯ ನೆಂಟಸ್ತಿಕೆಯನ್ನು ಹೊಸದು ಮಾಡಿದರು. ಊರ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಕುದುರಿಸಿ 'ಇಂಡಾಫ್' ತಳಿಗಳನ್ನು ತಂದರು. ಹೇಳಿದಷ್ಟು ಸುಲಭವಲ್ಲ. ರಾಗಿಯ ಹೂವು ಕಣ್ಣಿಗೆ ಕಾಣುವುದೇ ಕಷ್ಟ. ಜೊತೆಗೆ ಅದು ತನ್ನ ಪರಾಗದಿಂದ ತಾನೇ ಕಾಳು ಕಟ್ಟಿಕೊಳ್ಳುವ ಸ್ವಾಭಿಮಾನಿ. ಅಂಥದ್ದಕ್ಕೆ ಹೊರಗಿನ ಗಂಡು ಹುಡುಕುವುದೆಂದರೆ ನಮ್ಮ ಮದುವೆ ದಲ್ಲಾಳಿಗಳೂ ಕೈ ಚೆಲ್ಲುತ್ತಾರೆ. ಕೊನೆಗೆ ಇಳುವರಿ ಏರಿತು, ಅವರಿಗೆ 'ರಾಗಿ ಲಕ್ಷ್ಮಣಯ್ಯ' ಎಂಬ ಹೆಸರು ನಿಂತಿತು. ಬಯಾಲಜಿ ಓದಿದವನು ಏನು ಮಾಡಬಹುದು ಎಂದು ಕೇಳುವ ಸೋದರಮಾವನಿಗೆ ಇದಕ್ಕಿಂತ ಹೊಟ್ಟೆ ತುಂಬುವ ಉತ್ತರ ನನಗೆ ಗೊತ್ತಿಲ್ಲ.

ಈಚೆಗೆ ಪ್ರಶ್ನೆ ಬದಲಾಗಿದೆ. ಪರಿಚಯದ ಗೌಡರೊಬ್ಬರು ಸಿಕ್ಕವರೇ, "ಸಾ, ನಮ್ ಹೈದ ಬಯಾಲಜಿ ಓದಕ್ಕೆ ಲಂಡನ್‌ಗೆ ಹೋಯ್ತೀನಿ ಅಂತಾವ್ನೆ. ಯಾವನೋ ಏಜೆಂಟು ಫೋನ್ ಮಾಡ್ತಾವ್ನೆ. ತೆಂಗಿನ ತೋಟ ಅಡ ಇಟ್ಬುಡ್ಲಾ?" ಎಂದರು.

"ಇಡಬೇಡಿ ಗೌಡ್ರೆ" ಎಂದೆ. "ಹುಡುಗ ಬುದ್ಧಿವಂತ ಕಣ್ ಸಾ" ಎಂದರು, ನಾನೇನೋ ಅವನನ್ನು ಹೀಗಳೆದ ಹಾಗೆ.

ಬುದ್ಧಿವಂತನಾದ್ದರಿಂದಲೇ ಇಡಬೇಡಿ ಎಂದದ್ದು. ತೋಟ ತಿನ್ನುವುದು ಕೈಯಿಂದ ಫೀಸು ಕಟ್ಟಿ ಓದುವ ಎಂ.ಎಸ್ಸಿ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಜೀವವಿಜ್ಞಾನದ ಪಿಎಚ್.ಡಿ.ಗೆ ಸೇರಿದವರಿಗೆ ಸಾಮಾನ್ಯವಾಗಿ ಫೀಸು ಮನ್ನಾ, ಮೇಲೆ ತಿಂಗಳ ಖರ್ಚಿಗೂ ಅವರೇ ಕೊಡುತ್ತಾರೆ. ಏಜೆಂಟರು ಈ ಸಂಗತಿಯನ್ನು ಒತ್ತಿ ಹೇಳಿದ್ದನ್ನು ನಾನು ಕೇಳಿಲ್ಲ. ಇನ್ನು ಎಂ.ಎಸ್ಸಿ.ಯೇ ಬೇಕೆಂದರೆ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಅದು ಪರಿಶಿಷ್ಟ ಜಾತಿಯವರಿಗೆ ಎಂದಷ್ಟೇ ಜನಕ್ಕೆ ಗೊತ್ತು; ಭೂಮಿಯಿಲ್ಲದ ಕೃಷಿ ಕೂಲಿಗಳ ಮಕ್ಕಳೂ ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳೂ ಅದರೊಳಗೆ ಬರುತ್ತಾರೆ. ತಲೆಮಾರುಗಳಿಂದ ಕಂಚಿನ ವಿಗ್ರಹ ಎರೆಯುತ್ತ ಬಂದ ಮನೆಗಳು ನಾಗಮಂಗಲದಲ್ಲೇ ಇವೆ. ಅವರ ಮಗಳೊಬ್ಬಳು ಈ ಅರ್ಜಿ ಹಾಕಿದಳು ಎಂಬ ಸುದ್ದಿ ನನ್ನ ಕಿವಿಗೆ ಇನ್ನೂ ಬಿದ್ದಿಲ್ಲ. ಗೌಡರ ಮಗನಿಗೆ ತೋಟವಿರುವುದರಿಂದ ಅವನಿಗೆ ಈ ದಾರಿ ಇಲ್ಲ, ಅದನ್ನೂ ಹೇಳಿದೆ. ಅವರಿಗೆ ತೋಟದ ಬಗ್ಗೆ ಮೊದಲ ಸಲ ಬೇಜಾರಾದಂತೆ ಕಂಡಿತು.

ಪಿಎಚ್.ಡಿ.ಗೆ ಸೇರಿಸಿಕೊಳ್ಳುವವರು ಅಂಕಪಟ್ಟಿಯ ಜೊತೆಗೆ ಕೇಳುವುದು ಒಂದೇ: ಲ್ಯಾಬಿನಲ್ಲೋ ಕಾಡಿನಲ್ಲೋ ಸ್ವಂತ ಕೈಯಿಂದ ಏನು ಮಾಡಿದ್ದೀಯಪ್ಪ? ಅದಕ್ಕೆ ಉತ್ತರ ಸಂಪಾದಿಸಲು ಬೆಳ್ಳೂರು ಕ್ರಾಸಿನಲ್ಲಿ ಬಸ್ಸು ಹತ್ತಿದರೆ ಸಾಕು. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ, ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ, ಬೇಸಿಗೆ ಫೆಲೋಶಿಪ್ ಕೊಡುತ್ತದೆ. ಎರಡು ತಿಂಗಳು ದೇಶದ ಯಾವುದಾದರೂ ಒಳ್ಳೆಯ ಲ್ಯಾಬಿನಲ್ಲಿ ವಿಜ್ಞಾನಿಯೊಬ್ಬರ ಜೊತೆ ಕೆಲಸ, ಕೈಖರ್ಚಿಗೆ ಸ್ಟೈಪೆಂಡ್. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಬಿ.ಎಸ್ಸಿ. ಮಕ್ಕಳಿಗೆಂದೇ ಬೇಸಿಗೆಯಿಂದ ಬೇಸಿಗೆಗೆ ಮುಂದುವರಿಯುವ ಬಯಾಲಜಿ ಕಾರ್ಯಕ್ರಮವೊಂದನ್ನು ನಡೆಸಿಕೊಂಡು ಬಂದಿದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ನೊಣಗಳ ಭಂಡಾರವೇ ಇದೆ. ಕೊಳೆತ ಬಾಳೆಹಣ್ಣಿಗೆ ಮುತ್ತುವ ಆ ನೊಣದ ವಂಶಾವಳಿಯನ್ನು ಅಲ್ಲಿ ನಮ್ಮ ಮನೆತನದ ವಂಶವೃಕ್ಷಕ್ಕಿಂತ ಶ್ರದ್ಧೆಯಿಂದ ಕಾಪಾಡುತ್ತಾರೆ.

ಕಾಲೇಜಿನಿಂದಾಚೆ ಕಲಿಯುವುದು ಎಂದಾಗ ಬಿ.ಜಿ.ಎಲ್. ಸ್ವಾಮಿಯವರನ್ನು ಬಿಟ್ಟು ಹರಟುವುದು ಅಪಚಾರ. ಡಿ.ವಿ.ಜಿ.ಯವರ ಮಗ, ಸಸ್ಯಶಾಸ್ತ್ರಜ್ಞ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಮೇಷ್ಟರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ್ದನ್ನೇ 'ಹಸುರು ಹೊನ್ನು' ಮಾಡಿ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ಮನುಷ್ಯ ಹಾರ್ವರ್ಡಿಗೆ ಹೋಗಿ ಬೈಲಿ ಎಂಬ ಪ್ರಾಧ್ಯಾಪಕರ ಜೊತೆ ಕೂತು, ಸಾರ್ಕಾಂಡ್ರ ಎಂಬ ಗಿಡದ ಕಾಂಡದಲ್ಲಿ ಇತರ ಹೂಗಿಡಗಳಲ್ಲಿರುವಂಥ ನೀರಿನ ನಾಳಗಳೇ ಇಲ್ಲವೆಂದು 1950ರಲ್ಲಿ ವರದಿ ಮಾಡಿದರು. ಹಾರ್ವರ್ಡಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರೂ ಕಾಡಿನಲ್ಲಿ ಹುಡುಗರ ತಂಟೆ ಸಹಿಸಿದವರೂ ಒಬ್ಬರೇ. ಅಲ್ಲಿಗೆ ಹೋದದ್ದು ದೊಡ್ಡದೋ, ಕಾಡಿಗೆ ಕರೆದೊಯ್ದದ್ದು ದೊಡ್ಡದೋ ಎಂದು ಕೇಳಿದರೆ ನನ್ನ ಮತ ಕಾಡಿಗೆ.

ನಮ್ಮ ಕಾಲೇಜುಗಳ ಟೂರು ಬೇರೆ ಜಾತಿಯದು. ಶ್ರೀರಂಗಪಟ್ಟಣಕ್ಕೆ ಹೋಗಿ, ರಂಗನತಿಟ್ಟಿನಲ್ಲಿ ದೋಣಿ ಹತ್ತಿ, ಮೊಸಳೆ ಕಂಡ ಕೂಡಲೇ ಕಿರುಚಿ, ಸೆಲ್ಫಿ ತೆಗೆದು, ಪುಳಿಯೋಗರೆ ಮುಗಿಸಿ ವಾಪಸ್ಸು. ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ, ಕಾಪಾಡಿ ಎಂದು ಮೈಸೂರು ಅರಸರಿಗೆ ಹೇಳಿ, 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. 2022ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರಿತು. ಹೊರದೇಶದವರು ದುಡ್ಡು ಕೊಟ್ಟು ಬಂದು ನೋಡುವ ಗೂಡುಗಳನ್ನು ನಮ್ಮ ಹುಡುಗರು ಭಾನುವಾರದ ಬಸ್ಸಿನಲ್ಲಿ ಹೋಗಿ ಎಣಿಸಬಹುದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆಗಳು ಊರೊಳಗಿನ ಮರದಲ್ಲೇ ಸಂಸಾರ ಹೂಡುತ್ತವೆ. ಮೇಲುಕೋಟೆಯ ಕುರುಚಲು ಕಾಡಿನಲ್ಲಿ ತೋಳಗಳಿವೆ, ನಮ್ಮದೇ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನವಿಲುಧಾಮವಿದೆ. ಎಣಿಸಿದ್ದನ್ನು ಹಕ್ಕಿ ಲೆಕ್ಕದ ಜಾಲತಾಣ ಇ-ಬರ್ಡ್‌ಗೆ ಹಾಕಿದರೆ ಅಮೆರಿಕದ ಕಾರ್ನೆಲ್‌ನಲ್ಲಿ ಕೂತವರೂ ನೋಡಬಹುದು. ಎರಡು ವರ್ಷ ಹೀಗೆ ತಪ್ಪದೆ ಎಣಿಸಿದ ಹುಡುಗಿಯ ಅರ್ಜಿಯನ್ನೂ, 'ಚಿಕ್ಕಂದಿನಿಂದ ನನಗೆ ಪ್ರಕೃತಿ ಎಂದರೆ ಪ್ರಾಣ' ಎಂದು ಬರೆದವನ ಅರ್ಜಿಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಯಾವುದನ್ನು ಆರಿಸುತ್ತಾರೆಂದು ಹೇಳಬೇಕೆ?

ನಡುವೆ ಎಡವುವ ಜಾಗ ಶಿಫಾರಸು ಪತ್ರ. ಹುಡುಗರು ಕೇಳಲು ಹೆದರುತ್ತಾರೆ, ಮೇಷ್ಟ್ರು ಬರೆಯಲು ಸೋಮಾರಿತನ ಮಾಡುತ್ತಾರೆ. ಬರೆದರೂ 'ಈತ ವಿಧೇಯ, ಸನ್ನಡತೆಯವನು' ಎಂಬ ನಡತೆ ಪ್ರಮಾಣಪತ್ರದ ಒಕ್ಕಣೆ. ಲ್ಯಾಬಿನವರಿಗೆ ವಿಧೇಯ ಹುಡುಗ ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ. ಈತ ಕೇಳಿದ ಒಂದು ಪ್ರಶ್ನೆ, ಮಾಡಿದ ಒಂದು ಕೆಲಸ ಬೇಕು. ಈ ಪತ್ರ ಬೇಕಾಗುವ ಬೇಸಿಗೆ ಫೆಲೋಶಿಪ್ಪಿನ ಅರ್ಜಿಯನ್ನು ಬೇಸಿಗೆಯಲ್ಲಿ ಕರೆಯುವುದಿಲ್ಲ, ವರ್ಷದ ಕೊನೆಯ ತಿಂಗಳುಗಳಲ್ಲೇ ಮುಗಿಸಿಬಿಡುತ್ತಾರೆ. ಆದ್ದರಿಂದ ನಮ್ಮ ಡಿಗ್ರಿ ಕಾಲೇಜುಗಳ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ: ಈ ಸಲ ದಸರಾ ರಜೆಯಲ್ಲಿ, ಹುಡುಗರು ಕೇಳುವ ಮೊದಲೇ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಆ ಪತ್ರ ಬರೆದಿಡಿ.